ಹೊರೆ ಬಿದ್ದಾಗ ಹಲ್ಲು ಮುಟ್ಟುವ ಜಾಗ

ಚಕ್ಕಡಿಯ ಎರಡು ಗಾಲಿಗಳು ಒಂದೇ ಅಚ್ಚಿಗೆ ಸೇರಿದ್ದರೂ ಪ್ರತಿಯೊಂದೂ ತನ್ನ ಪಾಡಿಗೆ ತಾನು ತಿರುಗುವುದರಿಂದ, ಎತ್ತುಗಳು ಹೊಲದ ಬದುವಿನ ಬಳಿ ಹೊರಳಿದಾಗ ಒಳಗಾಲಿ ನಿಧಾನವಾಗಿಯೂ ಹೊರಗಾಲಿ ಬೇಗನೆಯೂ ಉರುಳಲು ಯಾವ ಅಡ್ಡಿಯೂ ಇರುವುದಿಲ್ಲ. ಎಂಜಿನ್ನಿನ ಬಲವೇ ಗಾಲಿಗಳಿಗೆ ಹರಿಯುವ ಟ್ರ್ಯಾಕ್ಟರಿಗಾಗಲಿ ಲಾರಿಗಾಗಲಿ ಈ ಸ್ವಾತಂತ್ರ್ಯ ತಾನಾಗಿ ದಕ್ಕುವುದಿಲ್ಲ. ಹಿಂದಿನ ಎರಡು ಗಾಲಿಗಳ ನಡುವೆ 1.5 ಮೀಟರ್ ಅಂತರವಿರುವ ಟ್ರ್ಯಾಕ್ಟರು ಸಾಲಿನ ಕೊನೆಯಲ್ಲಿ ಅರ್ಧ ಸುತ್ತು ಹೊರಳಿ ಮರುಸಾಲು ಹಿಡಿಯುವಾಗ ಹೊರಗಾಲಿಯು ಒಳಗಾಲಿಗಿಂತ ಸುಮಾರು 4.7 ಮೀಟರ್ ಹೆಚ್ಚು ಉರುಳಬೇಕಾಗುತ್ತದೆ. ಗಾಲಿಗಳ ಅಂತರವನ್ನು ಪೈ ಎಂಬ ಸಂಖ್ಯೆಯಿಂದ ಗುಣಿಸಿದರೆ ಸಿಗುವ ಈ ಉತ್ತರದಲ್ಲಿ ತಿರುವು ಕಿರಿದೋ ಅಗಲವೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಗಾಲಿಗಳನ್ನು ಒಂದೇ ದಂಡಕ್ಕೆ ಬಿಗಿದಿದ್ದರೆ ಅಷ್ಟು ದೂರವನ್ನು ಟೈರುಗಳು ನೆಲಕ್ಕೆ ಉಜ್ಜಿಕೊಂಡೇ ತೀರಿಸಬೇಕಾಗುತ್ತಿತ್ತು. ಈ ತೊಡಕನ್ನು ಬಿಡಿಸುವ ಗೇರುಗಳ ಕೂಟವನ್ನು ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ ಉಗಿಬಂಡಿಗಾಗಿ ರೂಪಿಸಿದನು. ಇಂದು ಡಿಫರೆನ್ಶಿಯಲ್ ಎಂದು ಕರೆಯಲಾಗುವ ಆ ಕೂಟವು ಬಲವನ್ನು ಎರಡೂ ಕಡೆಗೆ ಹಂಚುತ್ತಲೇ ವೇಗವನ್ನು ಮಾತ್ರ ಗಾಲಿಗಳ ಇಷ್ಟಕ್ಕೆ ಬಿಡುತ್ತದೆ.

ಡಿಫರೆನ್ಶಿಯಲ್ ಕೆಟ್ಟಿತು ಎಂದು ಗ್ಯಾರೇಜಿಗೆ ಬರುವ ವಾಹನಗಳಲ್ಲಿ ಅನೇಕ ವೇಳೆ ಕೆಟ್ಟಿರುವುದು ಈ ಹಂಚುವ ಭಾಗವಲ್ಲ, ಅದಕ್ಕೆ ಬಲವನ್ನು ತಂದುಕೊಡುವ ಜೋಡಿ ಗೇರು. ಎಂಜಿನ್ನಿನ ಕಡೆಯಿಂದ ಬರುವ ದಂಡವು ವಾಹನದ ಉದ್ದಕ್ಕೆ ಮಲಗಿದ್ದರೆ ಗಾಲಿಯ ಅಚ್ಚು ಅಡ್ಡಕ್ಕೆ ಮಲಗಿರುತ್ತದೆ. ಹಾಗಾಗಿ ತಿರುಗುವಿಕೆಯನ್ನು 90 ಡಿಗ್ರಿ ಹೊರಳಿಸುವುದೂ ಅದೇ ಹೊತ್ತಿಗೆ ವೇಗವನ್ನು ತಗ್ಗಿಸಿ ತಿರುಚುಬಲವನ್ನು ಹೆಚ್ಚಿಸುವುದೂ ಈ ಜೋಡಿಯ ಕೆಲಸ. ದಂಡದ ತುದಿಯಲ್ಲಿರುವ ಚಿಕ್ಕ ಗೇರಿಗೆ ಪಿನಿಯನ್ ಎಂದೂ, ಅದು ತಿರುಗಿಸುವ ತಟ್ಟೆಯಾಕಾರದ ದೊಡ್ಡ ಗೇರಿಗೆ ಕ್ರೌನ್ ಎಂದೂ ಹೆಸರು. ಕ್ರೌನಿಗೆ 41 ಹಲ್ಲು, ಪಿನಿಯನ್ನಿಗೆ 6 ಹಲ್ಲು ಇದ್ದರೆ ಪಿನಿಯನ್ 6.83 ಸುತ್ತು ಬಂದಾಗ ಕ್ರೌನ್ ಒಂದು ಸುತ್ತು ಬರುತ್ತದೆ. 41 ಮತ್ತು 6ಕ್ಕೆ ಸಾಮಾನ್ಯ ಅಪವರ್ತನ ಇಲ್ಲದಿರುವುದು ಆಕಸ್ಮಿಕವಲ್ಲ: ಪಿನಿಯನ್ನಿನ ಪ್ರತಿಯೊಂದು ಹಲ್ಲೂ ಸರದಿಯ ಮೇಲೆ ಕ್ರೌನಿನ ಪ್ರತಿಯೊಂದು ಹಲ್ಲನ್ನೂ ಮುಟ್ಟುವುದರಿಂದ ಸವೆತವು ಯಾವುದೋ ಒಂದು ಜೋಡಿ ಹಲ್ಲಿನ ಮೇಲೆ ಕೂಡಿಬೀಳದೆ ಎಲ್ಲೆಡೆಗೂ ಹರಡುತ್ತದೆ.

ಇಂಥ ಗೇರುಗಳನ್ನು ಕೊರೆಯುವ ಯಂತ್ರದ ಚರಿತ್ರೆ ಅಮೆರಿಕದ ರೋಚೆಸ್ಟರ್ ನಗರದ ವಿಲಿಯಂ ಗ್ಲೀಸನ್ 1874ರಲ್ಲಿ ಮಾಡಿದ ಯಂತ್ರದೊಂದಿಗೆ ಬೆಸೆದುಕೊಂಡಿದೆ. ಮೊದಮೊದಲು ನೇರವಾಗಿದ್ದ ಹಲ್ಲುಗಳು 20ನೆಯ ಶತಮಾನದ ಎರಡನೆಯ ದಶಕದ ಹೊತ್ತಿಗೆ ಬಾಗಿದವು. ಬಾಗಿದ ಹಲ್ಲಿನ ಒಂದು ತುದಿ ಮುಟ್ಟುತ್ತಿರುವಾಗಲೇ ಹಿಂದಿನ ಹಲ್ಲು ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲವಾದ್ದರಿಂದ ಹೊರೆಯು ಒಂದರಿಂದ ಇನ್ನೊಂದಕ್ಕೆ ಜಗ್ಗಾಟವಿಲ್ಲದೆ ದಾಟುತ್ತದೆ, ಸದ್ದೂ ಕಡಿಮೆಯಾಗುತ್ತದೆ. 1920ರ ದಶಕದಲ್ಲಿ ಪಿನಿಯನ್ನಿನ ಅಕ್ಷವನ್ನು ಕ್ರೌನಿನ ನಡುವಿನಿಂದ ಕೆಳಕ್ಕೆ ಸರಿಸಿದ ಹೈಪಾಯ್ಡ್ ಗೇರು ಬಂದು, ಕಾರುಗಳ ನೆಲಹಾಸನ್ನು ತಗ್ಗಿಸಿತು. ಆದರೆ ಆ ಗೇರಿನ ಹಲ್ಲುಗಳು ಉರುಳುವುದರ ಜೊತೆಗೆ ಉದ್ದುದ್ದಕ್ಕೆ ಜಾರುವುದೂ ಹೆಚ್ಚು, ಆದ್ದರಿಂದಲೇ ಅದಕ್ಕೆ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸಿದ, ತೀವ್ರ ಒತ್ತಡ ತಾಳುವ ಇಪಿ ಎಣ್ಣೆ ಬೇಕಾಗುತ್ತದೆ. ಕರ್ನಾಟಕದಲ್ಲಿ ಲಾರಿಗಳ ಚಾಲಕ ಅಚ್ಚುಗಳನ್ನು ತಯಾರಿಸುವ ಆಟೋಮೋಟಿವ್ ಆಕ್ಸಲ್ಸ್ ಕಂಪನಿ 1981ರಲ್ಲಿ ಮೈಸೂರಿನಲ್ಲಿ ಆರಂಭವಾಯಿತು. ಇಂಥ ಕಾರ್ಖಾನೆಗಳಲ್ಲಿ ಕೊರೆದು, ಕಾಯಿಸಿ ಗಟ್ಟಿಗೊಳಿಸಿದ ಕ್ರೌನು ಪಿನಿಯನ್ನುಗಳನ್ನು ಸಾಮಾನ್ಯವಾಗಿ ನುಣ್ಣನೆಯ ಅರೆಪುಡಿ ಬೆರೆಸಿದ ಎಣ್ಣೆಯಲ್ಲಿ ಒಂದಕ್ಕೊಂದು ಓಡಿಸಿ, ಆ ಬಳಿಕ ಎರಡಕ್ಕೂ ಒಂದೇ ಸಂಖ್ಯೆಯನ್ನು ಕೆತ್ತುತ್ತಾರೆ. ಲ್ಯಾಪಿಂಗ್ ಎಂಬ ಈ ಕ್ರಿಯೆಯಲ್ಲಿ ಪರಸ್ಪರ ಪಳಗಿದ ಗೇರುಗಳನ್ನು ಅಗಲಿಸಿ ಬೇರೆ ಜೊತೆಗೆ ಕೂಡಿಸುವುದು, ಹಣ ಉಳಿಸುವ ಹೆಸರಿನಲ್ಲಿ ಎಷ್ಟು ಸಲ ನಡೆದರೂ, ತಪ್ಪೇ ಸರಿ.

ಹಲ್ಲುಗಳು ಮುಟ್ಟುವ ಬಗೆಯನ್ನು ಅರಿಯಲು ಜರ್ಮನಿಯ ಹೈನ್ರಿಖ್ ಹರ್ಟ್ಸ್ 1880ರ ದಶಕದ ಆರಂಭದಲ್ಲಿ ಕಂಡುಕೊಂಡ ಗಣಿತ ನೆರವಾಗುತ್ತದೆ. ರೇಡಿಯೋ ಅಲೆಗಳ ಪ್ರಯೋಗದಿಂದ ಮುಂದೆ ಹೆಸರಾದ ಹರ್ಟ್ಸ್ ಅದಕ್ಕೂ ಮೊದಲು ಒಂದಕ್ಕೊಂದು ಒತ್ತಿದ ಗಾಜಿನ ಮಸೂರಗಳ ನಡುವಿನ ಸ್ಪರ್ಶವನ್ನು ಲೆಕ್ಕ ಹಾಕಿದ್ದನು. ಎರಡು ಬಾಗಿದ ಮೈಗಳು ಹಗುರವಾಗಿ ತಾಗಿದಾಗ ಒಂದು ಬಿಂದುವಿನಲ್ಲಿ ಮಾತ್ರ ಕೂಡುತ್ತವೆ. ಒತ್ತಡ ಏರಿದಂತೆ ಲೋಹ ಕೊಂಚ ಚಪ್ಪಟೆಯಾಗಿ ಆ ಬಿಂದುವು ಅಂಡಾಕಾರದ ಪುಟ್ಟ ಪ್ರದೇಶವಾಗಿ ಹಿಗ್ಗುತ್ತದೆ. ಹೀಗೆ ಹಿಗ್ಗುವುದರಿಂದಲೇ ಹೊರೆ ಎಂಟು ಪಟ್ಟಾದರೂ ನಡುವಿನ ಗರಿಷ್ಠ ಒತ್ತಡ ಎರಡು ಪಟ್ಟು ಮಾತ್ರ ಆಗುತ್ತದೆ. ಈ ರಿಯಾಯಿತಿಗೆ ಒಂದು ಷರತ್ತಿದೆ: ಅಂಡಾಕಾರವು ಹಲ್ಲಿನ ಮೈಯೊಳಗೇ ಪೂರ್ತಿ ಇರಬೇಕು. ಅದು ಹಲ್ಲಿನ ಅಂಚಿಗೆ ಸರಿದು ಅರ್ಧ ಕತ್ತರಿಸಿಹೋದರೆ ಉಳಿದ ಸಣ್ಣ ಜಾಗವೇ ಇಡೀ ಹೊರೆಯನ್ನು ಹೊರಬೇಕಾಗಿ, ಗಟ್ಟಿಗೊಳಿಸಿದ ಹೊರಪದರದ ಕೆಳಗೆ ಬಿರುಕು ಹುಟ್ಟಿ, ಚಕ್ಕೆಗಳು ಏಳತೊಡಗುತ್ತವೆ. ಡಿಫರೆನ್ಶಿಯಲ್ಲನ್ನು ಬಿಚ್ಚಿ ಮತ್ತೆ ಕೂಡಿಸುವವನ ಇಡೀ ಕಸುಬು ಈ ಅಂಡಾಕಾರವನ್ನು ಸರಿಯಾದ ಜಾಗದಲ್ಲಿ ಕೂರಿಸುವುದೇ ಆಗಿದೆ, ಮತ್ತು ಆ ಕೆಲಸವನ್ನು ಅವನು ಹೊರೆಯೇ ಇಲ್ಲದ ಸ್ಥಿತಿಯಲ್ಲಿ ಕೈಯಿಂದ ತಿರುಗಿಸಿ ನೋಡಿ ಮಾಡಬೇಕು ಎಂಬುದರಲ್ಲಿ ಅದರ ಕಷ್ಟವೆಲ್ಲ ಅಡಗಿದೆ.

ಕೆಲಸದ ಮೊದಲ ಹಂತಗಳಲ್ಲಿ ಜಾಣ್ಮೆಗಿಂತ ಶುಚಿತ್ವ ಹೆಚ್ಚು ಬೇಕು. ಕ್ರೌನು ಕೂರುವ ಮೈಯಲ್ಲಿ ಹಳೆಯ ಎಣ್ಣೆಯ ಗಸಿಯಾಗಲಿ ಲೋಹದ ಎಸಳಾಗಲಿ ಉಳಿದರೆ, ಬೋಲ್ಟುಗಳನ್ನು ಎಷ್ಟೇ ಕ್ರಮವಾಗಿ ಬಿಗಿದರೂ ಕ್ರೌನು ಸೊಟ್ಟಗೆ ಓಡುತ್ತದೆ. ಆ ಬಳಿಕ ಪಿನಿಯನ್ನನ್ನು ಹಿಡಿಯುವ ಶಂಕುವಿನಾಕಾರದ ರೋಲರ್ ಬೇರಿಂಗುಗಳ ಸರದಿ. ಅಮೆರಿಕದ ಹೆನ್ರಿ ಟಿಮ್ಕೆನ್ 1898ರಲ್ಲಿ ಹಕ್ಕುಪತ್ರ ಪಡೆದ ಈ ಬೇರಿಂಗುಗಳು ಅಡ್ಡ ಹೊರೆಯನ್ನೂ ಉದ್ದ ಹೊರೆಯನ್ನೂ ಒಟ್ಟಿಗೆ ತಾಳುತ್ತವೆ. ಆದರೆ ಎರಡು ಬೇರಿಂಗುಗಳನ್ನು ಎದುರುಬದುರಾಗಿಟ್ಟು ಮೊದಲೇ ಕೊಂಚ ಒತ್ತಿ ಕೂರಿಸದಿದ್ದರೆ ಪಿನಿಯನ್ ಹೊರೆಯಡಿ ಹಿಂದೆ ಮುಂದೆ ಸರಿದಾಡುತ್ತದೆ. ಈ ಪೂರ್ವಬಿಗಿತವನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಪಿನಿಯನ್ನಿನ ಫ್ಲಾಂಜಿಗೆ ದಾರ ಸುತ್ತಿ, ಅದರ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ ಒಂದೇ ಸಮನೆ ಎಳೆದಾಗ ಫ್ಲಾಂಜು ತಿರುಗುತ್ತಲೇ ಇರಲು ಎಷ್ಟು ಬಲ ಬೇಕೋ ಅದೇ ಅಳತೆ. ದಾರ ಸುತ್ತಿದ ಜಾಗದ ತ್ರಿಜ್ಯ 5 ಸೆಂಟಿಮೀಟರ್, ತಕ್ಕಡಿಯ ಮುಳ್ಳು 3 ಕಿಲೋ ಎಂದಾದರೆ ತಿರುಚುಬಲ 15 ಕಿಲೋ-ಸೆಂಟಿಮೀಟರ್, ಅಂದರೆ ಸುಮಾರು 1.5 ನ್ಯೂಟನ್-ಮೀಟರ್. ಹೊಸ ಬೇರಿಂಗಿಗೆ ಎಷ್ಟಿರಬೇಕು ಎಂಬುದು ವಾಹನದಿಂದ ವಾಹನಕ್ಕೆ ಬೇರೆಯಾಗುವುದರಿಂದ ತಯಾರಕರ ಪುಸ್ತಕವನ್ನೇ ನಂಬಬೇಕು.

ಇನ್ನುಳಿದದ್ದು ಎರಡು ಸರಿಸುವಿಕೆಗಳು: ಪಿನಿಯನ್ ಕ್ರೌನಿನ ಅಕ್ಷದತ್ತ ಎಷ್ಟು ಒಳಗೆ ಹೋಗಬೇಕು, ಕ್ರೌನ್ ಪಿನಿಯನ್ನಿನತ್ತ ಎಷ್ಟು ಹತ್ತಿರ ಬರಬೇಕು. ಮೊದಲನೆಯದನ್ನು ಆಳ ಎನ್ನಬಹುದು. ಎರಡನೆಯದು ಹಲ್ಲುಗಳ ನಡುವಿನ ಸಡಿಲವನ್ನು, ಅಂದರೆ ಮೆಕ್ಯಾನಿಕ್ಕುಗಳು ಆಟ ಅಥವಾ ಬ್ಯಾಕ್‌ಲ್ಯಾಶ್ ಎನ್ನುವುದನ್ನು ನಿರ್ಧರಿಸುತ್ತದೆ. ಸಡಿಲವೇ ಇಲ್ಲದಿದ್ದರೆ ಎಣ್ಣೆಯ ಪೊರೆಗೆ ಜಾಗವಿಲ್ಲದೆ, ಬಿಸಿಯಾಗಿ ಉಬ್ಬಿದ ಹಲ್ಲುಗಳು ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಅತಿಯಾದರೆ ಕ್ಲಚ್ ಬಿಟ್ಟಾಗಲೆಲ್ಲ ಹಲ್ಲಿಗೆ ಹಲ್ಲು ಬಡಿಯುತ್ತದೆ. ಕಾರುಗಳಲ್ಲಿ ಇದು ಸಾಮಾನ್ಯವಾಗಿ 0.15ರಿಂದ 0.25 ಮಿಲಿಮೀಟರ್, ಅಂದರೆ ಎರಡು ಮೂರು ತಲೆಗೂದಲುಗಳ ದಪ್ಪ. ದೊಡ್ಡ ವಾಹನಗಳಲ್ಲಿ ಇದಕ್ಕಿಂತ ಹೆಚ್ಚು. ಡಯಲ್ ಗೇಜಿನ ಮೊನೆಯನ್ನು ಕ್ರೌನಿನ ಹಲ್ಲಿಗೆ ತಾಗಿಸಿ, ಪಿನಿಯನ್ನನ್ನು ಅಲುಗದಂತೆ ಹಿಡಿದು ಕ್ರೌನನ್ನು ಅತ್ತಿತ್ತ ಅಲುಗಿಸಿದರೆ ಮುಳ್ಳು ಇದನ್ನು ತೋರಿಸುತ್ತದೆ, ಮತ್ತು ಈ ಅಳತೆಯನ್ನು ಕ್ರೌನಿನ ಸುತ್ತ ನಾಲ್ಕಾರು ಕಡೆ ತೆಗೆದುಕೊಳ್ಳಬೇಕು. ಕ್ರೌನನ್ನು ಸರಿಸಲು ಎರಡೂ ಬದಿಯ ಬೇರಿಂಗುಗಳ ಹೊರಗಿರುವ, ತಿರುಪಿನ ಎಳೆಯುಳ್ಳ ಮರೆಯುಂಗುರಗಳನ್ನು ಒಂದು ಕಡೆ ಎಷ್ಟು ಸಡಿಲಿಸುತ್ತಾರೋ ಇನ್ನೊಂದು ಕಡೆ ಅಷ್ಟೇ ಬಿಗಿಯುತ್ತಾರೆ. ಹೀಗೆ ಮಾಡಿದಾಗ ಬೇರಿಂಗಿನ ಬಿಗಿತ ಬದಲಾಗದೆ ಕ್ರೌನು ಮಾತ್ರ ಪಕ್ಕಕ್ಕೆ ಸರಿಯುತ್ತದೆ.

ಇಲ್ಲಿ ಒಂದು ಸಾಮಾನ್ಯ ತಪ್ಪು ಗ್ರಹಿಕೆಯನ್ನು ಎತ್ತಿಹೇಳಬೇಕು. ಕ್ರೌನು ಸರಿದಾಗ ಆಟ ಬೇಗ ಬದಲಾಗುತ್ತದೆ, ಹಲ್ಲಿನ ಮೇಲಿನ ಸ್ಪರ್ಶದ ಜಾಗ ಅಷ್ಟಾಗಿ ಬದಲಾಗುವುದಿಲ್ಲ. ಪಿನಿಯನ್ ಸರಿದಾಗ ಇದಕ್ಕೆ ತದ್ವಿರುದ್ಧವಾಗಿ ಸ್ಪರ್ಶದ ಜಾಗ ಬೇಗ ಬದಲಾಗುತ್ತದೆ, ಆಟ ಅಷ್ಟಾಗಿ ಬದಲಾಗುವುದಿಲ್ಲ. ಆದ್ದರಿಂದ ಡಯಲ್ ಗೇಜು ಪುಸ್ತಕದಲ್ಲಿರುವ ಸಂಖ್ಯೆಯನ್ನೇ ತೋರಿಸುತ್ತಿದ್ದರೂ ಪಿನಿಯನ್ನಿನ ಆಳ ತಪ್ಪಿರಬಹುದು, ಹಲ್ಲುಗಳು ಅಂಚಿನಲ್ಲಿ ಮುಟ್ಟುತ್ತಿರಬಹುದು. ಆಟ ಸರಿಯಾಯಿತೆಂದು ಹೌಸಿಂಗ್ ಮುಚ್ಚುವ ಗ್ಯಾರೇಜಿನಿಂದ ಹೊರಬಿದ್ದ ವಾಹನವು ಕೆಲವೇ ದಿನಗಳಲ್ಲಿ ಊಳಿಡತೊಡಗಿದರೆ ಅದಕ್ಕೆ ಗೇರನ್ನು ಮಾರಿದ ಅಂಗಡಿಯನ್ನು ದೂರುವುದು ಸುಲಭ, ಆದರೆ ಹಲವೊಮ್ಮೆ ನ್ಯಾಯವಲ್ಲ.

ಪಿನಿಯನ್ನಿನ ಆಳವನ್ನು ಶಿಮ್ ಎಂಬ ತೆಳು ಉಕ್ಕಿನ ಬಿಲ್ಲೆಗಳಿಂದ ಸರಿಹೊಂದಿಸುತ್ತಾರೆ. ಶಿಮ್ ಪಿನಿಯನ್ನಿನ ತಲೆಗೂ ಒಳಗಿನ ಬೇರಿಂಗಿಗೂ ನಡುವೆ ಕೂರುವ ವಿನ್ಯಾಸದಲ್ಲಿ ದಪ್ಪ ಶಿಮ್ ಹಾಕಿದರೆ ಪಿನಿಯನ್ ಕ್ರೌನಿನತ್ತ ಹೋಗುತ್ತದೆ. ಹಲವು ಲಾರಿಗಳಲ್ಲಿರುವಂತೆ ಪಿನಿಯನ್ನಿನ ಗೂಡಿಗೂ ಹೌಸಿಂಗಿನ ಮೈಗೂ ನಡುವೆ ಶಿಮ್ ಕೂರುವುದಾದರೆ ದಪ್ಪ ಶಿಮ್ ಪಿನಿಯನ್ನನ್ನು ದೂರಕ್ಕೆ ತಳ್ಳುತ್ತದೆ. ಬೆಳಿಗ್ಗೆ ಜೀಪನ್ನೂ ಮಧ್ಯಾಹ್ನ ಲಾರಿಯನ್ನೂ ಬಿಚ್ಚುವ ಮೇಸ್ತ್ರಿಯು ಇದನ್ನು ಮರೆತರೆ, ತಿದ್ದಿದಷ್ಟೂ ತಪ್ಪು ಹೆಚ್ಚುತ್ತ ಹೋಗುತ್ತದೆ. ಪಿನಿಯನ್ನಿನ ತಲೆಯ ಮೇಲೆ ಕೆಲವು ತಯಾರಕರು ಕೆತ್ತುವ ಕೂಡು ಅಥವಾ ಕಳೆ ಚಿಹ್ನೆಯ ಅಂಕಿಯು ಆ ಪಿನಿಯನ್ ಪ್ರಮಾಣದ ದೂರಕ್ಕಿಂತ ಎಷ್ಟು ಹೊರಗೆ ಅಥವಾ ಒಳಗೆ ಕೂರಬೇಕೆಂದು ತಿಳಿಸುತ್ತದೆ. ಹಳೆಯದರ ಅಂಕಿಗೂ ಹೊಸದರ ಅಂಕಿಗೂ ಇರುವ ವ್ಯತ್ಯಾಸದಷ್ಟು ಶಿಮ್ಮನ್ನು ಬದಲಿಸಿ ಮೊದಲ ಜೋಡಣೆ ಮಾಡಿದರೆ ಬಿಚ್ಚಿ ಕೂಡಿಸುವ ಸುತ್ತುಗಳು ಕಡಿಮೆಯಾಗುತ್ತವೆ.

ತೀರ್ಪು ಹೇಳುವುದು ನೀಲಿ ಬಣ್ಣ. 18ನೆಯ ಶತಮಾನದ ಆರಂಭದಲ್ಲಿ ಬರ್ಲಿನ್ನಿನಲ್ಲಿ ಚಿತ್ರಕಲೆಗಾಗಿ ತಯಾರಾದ ಪ್ರಷ್ಯನ್ ಬ್ಲೂ ಎಂಬ ವರ್ಣದ್ರವ್ಯವನ್ನು ಒಣಗದ ಎಣ್ಣೆಯಲ್ಲಿ ಕಲಸಿದ ಲೇಪವನ್ನು ಕ್ರೌನಿನ ಕೆಲವು ಹಲ್ಲುಗಳಿಗೆ ಎರಡೂ ಮೈಗಳ ಮೇಲೆ ತೆಳುವಾಗಿ ಸವರುತ್ತಾರೆ. ಕ್ರೌನಿಗೆ ಮರದ ತುಂಡನ್ನೋ ಬಟ್ಟೆಯನ್ನೋ ಒತ್ತಿ ಹಿಡಿದು, ಅದು ಸಲೀಸಾಗಿ ತಿರುಗದಂತೆ ತಡೆಯುತ್ತ, ಪಿನಿಯನ್ನನ್ನು ಮುಂದಕ್ಕೂ ಹಿಂದಕ್ಕೂ ತಿರುಗಿಸಿದಾಗ ಮುಟ್ಟಿದ ಕಡೆ ಬಣ್ಣ ಒತ್ತರಿಸಿ ಲೋಹ ಕಾಣುತ್ತದೆ. ಕ್ರೌನಿನ ಹಲ್ಲಿಗೆ ಎರಡು ಮೈಗಳಿವೆ: ವಾಹನವನ್ನು ಮುಂದಕ್ಕೆ ಎಳೆಯುವಾಗ ಹೊರೆ ಹೊರುವ ಉಬ್ಬು ಮೈ, ಮತ್ತು ಆಕ್ಸಿಲರೇಟರ್ ಬಿಟ್ಟು ವಾಹನವೇ ಎಂಜಿನ್ನನ್ನು ತಿರುಗಿಸುವಾಗ ಹೊರೆ ಹೊರುವ ತಗ್ಗು ಮೈ. ಪ್ರತಿ ಮೈಯಲ್ಲೂ ಮೇಲಕ್ಕೆ ತಲೆ, ಕೆಳಕ್ಕೆ ಬುಡ, ಕ್ರೌನಿನ ನಡುವಿನ ಕಡೆಗೆ ಒಳತುದಿ, ಪರಿಧಿಯ ಕಡೆಗೆ ಹೊರತುದಿ.

ಪಿನಿಯನ್ ತೀರ ಒಳಗೆ ಹೋಗಿದ್ದರೆ ಎರಡೂ ಮೈಗಳಲ್ಲಿ ಗುರುತು ಬುಡಕ್ಕೆ ಇಳಿಯುತ್ತದೆ, ತೀರ ಹೊರಗಿದ್ದರೆ ತಲೆಗೆ ಏರುತ್ತದೆ. ಉದ್ದದ ದಿಕ್ಕಿನಲ್ಲಿ ಮಾತ್ರ ಎರಡು ಮೈಗಳು ಬೇರೆ ಬೇರೆ ಮಾತಾಡುತ್ತವೆ: ಪಿನಿಯನ್ ಒಳಗೆ ಹೋದಂತೆ ಉಬ್ಬು ಮೈಯ ಗುರುತು ಒಳತುದಿಯತ್ತಲೂ ತಗ್ಗು ಮೈಯ ಗುರುತು ಹೊರತುದಿಯತ್ತಲೂ ಸರಿಯುತ್ತವೆ. ಕ್ರೌನನ್ನು ಪಿನಿಯನ್ನಿನ ಹತ್ತಿರ ತಂದರೆ ಹಾಗಲ್ಲ, ಎರಡೂ ಮೈಗಳ ಗುರುತುಗಳು ಕೂಡಿಯೇ ಒಳತುದಿಯತ್ತ ಹೋಗುತ್ತವೆ. ದೂರ ಮಾಡಿದರೆ ಕೂಡಿಯೇ ಹೊರತುದಿಯತ್ತ ಹೋಗುತ್ತವೆ. ಹೀಗಾಗಿ ಎರಡು ಮೈಗಳ ಗುರುತು ಎದುರು ದಿಕ್ಕಿಗೆ ಸರಿದಿದ್ದರೆ ಶಿಮ್ಮನ್ನೂ, ಒಂದೇ ದಿಕ್ಕಿಗೆ ಸರಿದಿದ್ದರೆ ಮರೆಯುಂಗುರವನ್ನೂ ಶಂಕಿಸಬೇಕು ಎಂಬ ರೋಗನಿದಾನ ಸಾಧ್ಯವಾಗುತ್ತದೆ. ಒಂದೇ ಮೈಯನ್ನು ನೋಡಿ ತೀರ್ಮಾನಿಸುವವನಿಗೆ ಈ ಸುಳಿವು ಸಿಗುವುದೇ ಇಲ್ಲ. ಆಳವನ್ನು ತಿದ್ದಿದ ಪ್ರತಿ ಸಲವೂ ಆಟವನ್ನು ಮತ್ತೆ ಹೊಂದಿಸಿಯೇ ಗುರುತು ತೆಗೆಯಬೇಕು, ಇಲ್ಲವಾದರೆ ಎರಡು ಬದಲಾವಣೆಗಳ ಪರಿಣಾಮ ಒಂದರಲ್ಲೊಂದು ಬೆರೆತುಹೋಗುತ್ತದೆ.

ಸರಿಯಾದ ಗುರುತು ತಲೆಗೂ ಬುಡಕ್ಕೂ ನಟ್ಟನಡುವೆ ಇರಬೇಕೆಂಬುದು ನಿಜ. ಆದರೆ ಉದ್ದದಲ್ಲಿ, ಬಾಗಿದ ಹಲ್ಲಿನ ಹೊಸ ಜೋಡಿಗಳಲ್ಲಿ, ಉಬ್ಬು ಮೈಯ ಗುರುತು ನಡುವಿನಿಂದ ತುಸು ಒಳತುದಿಯತ್ತ ಇರುವಂತೆ ಬಿಡುವುದು ವಾಡಿಕೆ. ಎಂಜಿನ್ ಎಳೆಯತೊಡಗಿದಾಗ ಬಾಗಿದ ಹಲ್ಲುಗಳ ಒತ್ತಡವು ಪಿನಿಯನ್ನನ್ನು ಕ್ರೌನಿನಿಂದ ಹಿಂದಕ್ಕೆ ದೂಡುತ್ತದೆ, ಕ್ರೌನನ್ನು ಪಕ್ಕಕ್ಕೆ ಬಾಗಿಸುತ್ತದೆ, ಎರಕದ ಹೌಸಿಂಗೂ ಕೂದಲೆಳೆಯಷ್ಟು ಮಣಿಯುತ್ತದೆ. ಇವೆಲ್ಲವುಗಳ ಒಟ್ಟು ಫಲವಾಗಿ ಸ್ಪರ್ಶದ ಅಂಡಾಕಾರವು ಹಿಗ್ಗುತ್ತ ಹೊರತುದಿಯತ್ತ ಚಲಿಸುತ್ತದೆ. ಕೈಯಲ್ಲಿ ತಿರುಗಿಸಿದಾಗಲೇ ಹೊರತುದಿಯಲ್ಲಿರುವ ಗುರುತಿಗೆ ಹೊರೆ ಬಿದ್ದಾಗ ಹೋಗಲು ಜಾಗವಿರುವುದಿಲ್ಲ, ಹಲ್ಲಿನ ಮೂಲೆ ಮುರಿಯುತ್ತದೆ. ನೀಲಿ ಗುರುತು ಇಂದಿನ ಸ್ಥಿತಿಯ ಚಿತ್ರ; ಅದನ್ನು ಓದುವವನು ನಾಳಿನ ಹೊರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಹೊರೆ ಎಲ್ಲ ಕಡೆ ಒಂದೇ ಬಗೆಯದಲ್ಲ, ಮತ್ತು 1997ರಲ್ಲಿ ಧಾರವಾಡದಿಂದ ಬೇರ್ಪಟ್ಟ ಹಾವೇರಿ ಜಿಲ್ಲೆಯೊಂದರಲ್ಲೇ ಇದರ ವೈವಿಧ್ಯ ಎದ್ದುಕಾಣುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ಲಿನ ಭತ್ತದ ಗದ್ದೆಗಳಲ್ಲಿ ಕಬ್ಬಿಣದ ಕೇಜ್ ವೀಲ್ ತೊಟ್ಟ ಟ್ರ್ಯಾಕ್ಟರು ಕೆಸರನ್ನು ಕಲಸುವಾಗ ವೇಗ ತೀರ ಕಡಿಮೆ, ಎಳೆತ ಹೆಚ್ಚು. ಗಾಲಿಯೊಂದು ಜಾರಿ ಮರುಕ್ಷಣ ಗಟ್ಟಿನೆಲವನ್ನು ಕಚ್ಚಿದಾಗ ಬೀಳುವ ಪೆಟ್ಟು ಉಬ್ಬು ಮೈಗೇ ಬೀಳುತ್ತದೆ. ಸವಣೂರಿನ ಕಪ್ಪು ಮಣ್ಣು ತೇವ ಹಿಡಿದಾಗ ಇನ್ನೊಂದು ಬಗೆಯ ಪೀಡೆ: ಒಂದು ಗಾಲಿ ಸುಮ್ಮನೆ ತಿರುಗಿ ಇನ್ನೊಂದು ನಿಂತುಬಿಟ್ಟರೆ ಕ್ರೌನು ಪಿನಿಯನ್ನಿನ ಮೇಲಿನ ಹೊರೆ ಕಡಿಮೆಯಾಗುತ್ತದೆ, ಆದರೆ ಬಲ ಹಂಚುವ ಒಳಗಿನ ಸಣ್ಣ ಗೇರುಗಳು ತಮ್ಮ ಪಿನ್ನಿನ ಮೇಲೆ ಎಂದಿಗಿಂತ ವೇಗವಾಗಿ ಸುತ್ತಿ ಸವೆಯುತ್ತವೆ. ಎರಡೂ ಗಾಲಿಗಳನ್ನು ಬೆಸೆಯುವ ಡಿಫರೆನ್ಶಿಯಲ್ ಲಾಕಿನ ಪೆಡಲ್ ಇರುವುದು ಇಂಥ ಗಳಿಗೆಗಾಗಿಯೇ. ನೇರ ಸಾಲಿನಲ್ಲಿ ಮಾತ್ರ ತುಳಿಯಬೇಕಾದ ಅದನ್ನು ಹೊರಳುವಾಗಲೂ ತುಳಿದೇ ಇದ್ದರೆ ಮೊದಲು ಹೇಳಿದ 4.7 ಮೀಟರಿನ ಸಾಲ ಟೈರುಗಳ ಮೇಲೂ ಹಲ್ಲುಗಳ ಮೇಲೂ ತಿರುಗಿ ಬೀಳುತ್ತದೆ. ಶಿಗ್ಗಾವಿಯ ಮೂಲಕ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಓಡುವ ಲಾರಿ ಬಸ್ಸುಗಳಿಗೆ ಪೆಟ್ಟು ಕಡಿಮೆ, ಆದರೆ ಗಂಟೆಗಟ್ಟಲೆ ಒಂದೇ ವೇಗ. ಅಲ್ಲಿ ಎಣ್ಣೆಯ ಬಿಸಿಯೂ ಸದ್ದೂ ಮುಖ್ಯವಾಗುತ್ತವೆ.

ಹಿರೇಕೆರೂರಿನ ಏರಿಳಿತದ ದಾರಿಗಳು ಗ್ಯಾರೇಜುಗಳು ಕಡೆಗಣಿಸುವ ತಗ್ಗು ಮೈಯನ್ನು ನೆನಪಿಸುತ್ತವೆ. ಗೋವಿನಜೋಳದ ಚೀಲಗಳನ್ನು ಹೇರಿದ, ತನ್ನದೇ ಬ್ರೇಕಿಲ್ಲದ ಟ್ರೇಲರು ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುವಾಗ, ಚಾಲಕನು ಗೇರಿನಲ್ಲೇ ಇಟ್ಟು ಎಂಜಿನ್ನಿನಿಂದ ತಡೆಯುತ್ತಿದ್ದರೆ, ಆ ಇಡೀ ನೂಕನ್ನು ಹೊರುವುದು ತಗ್ಗು ಮೈ; ಆಗ ಪಿನಿಯನ್ ಹಿಂದಕ್ಕೆ ಸರಿಯುವ ಬದಲು ಕ್ರೌನಿನ ಒಳಕ್ಕೆ ಸೆಳೆಯಲ್ಪಡುತ್ತದೆ, ಬೇರಿಂಗಿನ ಪೂರ್ವಬಿಗಿತ ಸಾಲದಿದ್ದರೆ ಆಟವೇ ಕರಗಿ ಹಲ್ಲುಗಳು ಬುಡದಲ್ಲಿ ಕಚ್ಚುತ್ತವೆ. ಹಾವೇರಿಯ ಹತ್ತಿರದ ಸಂಗೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಉಬ್ಬು ಮೈಯ ಗುರುತು ಚೆನ್ನಾಗಿದ್ದರೆ ಸಾಕು, ತಗ್ಗು ಮೈ ಹೇಗಿದ್ದರೂ ನಡೆದೀತು ಎಂಬ ಧೋರಣೆ ಸಮತಟ್ಟಾದ ಹೆದ್ದಾರಿಯ ಕಾರಿಗೆ ಹೊಂದಬಹುದು, ಈ ಹೊರೆಗಳಿಗೆ ಹೊಂದುವುದಿಲ್ಲ.

ಹಳೆಯ ಜೋಡಿಯನ್ನೇ ಉಳಿಸಿಕೊಂಡು ಬೇರಿಂಗ್ ಮಾತ್ರ ಬದಲಿಸುವಾಗ ಪುಸ್ತಕದ ನಿಯಮವನ್ನು ಸ್ವಲ್ಪ ಬದಿಗಿಡಬೇಕಾಗುತ್ತದೆ. ವರ್ಷಗಟ್ಟಲೆ ಓಡಿದ ಹಲ್ಲುಗಳು ತಮ್ಮದೇ ಆದ ಹೊಳಪಿನ ಪಟ್ಟೆಯನ್ನು ಮೂಡಿಸಿಕೊಂಡಿರುತ್ತವೆ. ಹೊಸ ಗೇರಿನ ಆದರ್ಶಕ್ಕೆ ಅವನ್ನು ಎಳೆದುತಂದರೆ ಸವೆದ ಜಾಗದ ಅಂಚು ಸವೆಯದ ಜಾಗವನ್ನು ಏರಿ ಸದ್ದು ಹುಟ್ಟುತ್ತದೆ. ಬಿಚ್ಚುವ ಮೊದಲೇ ಆಟವನ್ನು ಅಳೆದು, ಗುರುತು ತೆಗೆದು, ಶಿಮ್ಮುಗಳನ್ನು ಎಡ ಬಲ ಬೆರೆಯದಂತೆ ಕಟ್ಟಿಟ್ಟರೆ ಹಳೆಯ ಪಟ್ಟೆಯಲ್ಲೇ ಗೇರುಗಳನ್ನು ಮರಳಿ ಕೂರಿಸಬಹುದು.

ಮುಚ್ಚಿದ ಮೇಲೆ ಉಳಿಯುವ ಸಾಕ್ಷಿ ಸದ್ದು ಮತ್ತು ಎಣ್ಣೆ. ಪಿನಿಯನ್ನಿಗೆ 6 ಹಲ್ಲಿದ್ದು ದಂಡವು ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 150 ಹಲ್ಲುಗಳು ಒಂದಾದ ಮೇಲೊಂದು ಕೂಡುತ್ತವೆ. ಹೊಂದಾಣಿಕೆ ತಪ್ಪಿದಾಗ ಕೇಳುವ ಗುಂಯ್ ಎಂಬ ನಾದದ ಮೂಲ ಇದೇ, ವೇಗದೊಂದಿಗೆ ಅದರ ಸ್ವರ ಏರುತ್ತದೆ. ಎಳೆಯುವಾಗ ಮಾತ್ರ ಕೇಳಿದರೆ ಉಬ್ಬು ಮೈಯನ್ನೂ, ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಕೇಳಿದರೆ ತಗ್ಗು ಮೈಯನ್ನೂ, ಎರಡರಲ್ಲೂ ಒರಟಾಗಿ ಒಂದೇ ಸಮ ಗೊರಗುಟ್ಟಿದರೆ ಬೇರಿಂಗನ್ನೂ ಮೊದಲು ನೋಡಬೇಕು. ಹೊಸ ಜೋಡಿಯನ್ನು ಮೊದಲ ಕೆಲವು ಗಂಟೆ ಹಗುರ ಹೊರೆಯಲ್ಲಿ, ನಡುನಡುವೆ ನಿಲ್ಲಿಸಿ ಆರಲು ಬಿಟ್ಟು ಓಡಿಸಿ, ಬಳಿಕ ಎಣ್ಣೆಯನ್ನು ಬೇಗನೆ ಒಮ್ಮೆ ಬಸಿದು ಬದಲಿಸುವುದು ಒಳ್ಳೆಯದು. ಬಸಿಯುವ ತಿರುಪಿನ ಅಯಸ್ಕಾಂತಕ್ಕೆ ಬೂದುಬಣ್ಣದ ನಯವಾದ ಕೆನೆಯಂಥ ಪುಡಿ ಅಂಟಿದ್ದರೆ ಅದು ಹಲ್ಲುಗಳು ಪಳಗಿದ ಸಹಜ ಸವೆತ. ಬೆರಳಿಗೆ ಚುಚ್ಚುವ ಚಕ್ಕೆ ಸಿಕ್ಕರೆ ಹೌಸಿಂಗನ್ನು ಮತ್ತೆ ಬಿಚ್ಚಬೇಕು.